ಮಹಾಯುಗ ಹಿಡಿಸುವ ಡಬ್ಬಿಯಲ್ಲಿ ಬರೀ 68 ವರ್ಷ

ಬ್ಯಾಟರಿ ಪೂರ್ತಿ ಇಳಿದಿದ್ದ ಹಳೆಯ ಮೊಬೈಲು ಮತ್ತೆ ಎದ್ದಾಗ 1970ರ ಜನವರಿ 1, ಬೆಳಗಿನ ಐದೂವರೆ ಎಂದು ತೋರಿಸುವುದನ್ನು ನೋಡಿರುತ್ತೀರಿ. ಅದು ವೈರಸ್ಸೂ ಅಲ್ಲ, ಅಪಶಕುನವೂ ಅಲ್ಲ, ಬರೀ ಸೊನ್ನೆ. ಯೂನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಸಂಪ್ರದಾಯದ ಯಂತ್ರಗಳು 1970 ಹುಟ್ಟಿದ ಗ್ರೀನಿಚ್ ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆಯಿತು ಎಂಬ ಒಂದು ಪೂರ್ಣಾಂಕವನ್ನಷ್ಟೇ ಇಟ್ಟುಕೊಳ್ಳುತ್ತವೆ. ಅಲ್ಲಿ ನಡುರಾತ್ರಿಯಾದಾಗ ಇಲ್ಲಿ ಐದೂವರೆ.

ಈ ಪೂರ್ಣಾಂಕ 32 ಬಿಟ್‌ಗಳದ್ದಾದರೆ (ಬಿಟ್ ಎಂದರೆ 0 ಅಥವಾ 1 ಹಿಡಿಸುವ ಒಂದು ಮನೆ; ಇಲ್ಲಿ ಒಂದು ಮನೆ ಧನವೋ ಋಣವೋ ಎಂಬ ಗುರುತಿಗೆ ಹೋಗುತ್ತದೆ) 2,14,74,83,647ಕ್ಕೆ ತುಂಬಿಹೋಗುತ್ತದೆ. ಅಂದರೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44:07ಕ್ಕೆ. ಮರುಸೆಕೆಂಡಿಗೆ ಅದು ಋಣ ಸಂಖ್ಯೆಯಾಗಿ 1901ರ ಡಿಸೆಂಬರಿಗೆ ಜಾರುತ್ತದೆ. ಕಂಪ್ಯೂಟರ್ ಪ್ರಳಯವೆಂದು ಇದನ್ನು ಈಗಲೇ ಸಾರುವವರಿದ್ದಾರೆ. ಪ್ರಳಯವೇನಿಲ್ಲ. 64 ಬಿಟ್ ಕೊಟ್ಟರೆ ಸುಮಾರು 29,200 ಕೋಟಿ ವರ್ಷ ಸಿಗುತ್ತದೆ. ಹಳೆಯ ಕಡತಗಳಲ್ಲಿ, ಗೋಡೆಯೊಳಗೆ ಕುಳಿತ ಪುಟ್ಟ ನಿಯಂತ್ರಕಗಳಲ್ಲಿ ಉಳಿದದ್ದನ್ನು ಹುಡುಕಿ ತಿದ್ದುವುದು ಬೇಸರದ ಕೆಲಸ, ಅಷ್ಟೇ.

ನನಗೆ ರುಚಿಸುವುದು ಬೇರೆಯದೇ ಸಂಗತಿ. ಹೂವು ಕಟ್ಟುವವರನ್ನು ನೋಡಿ. ಬುಟ್ಟಿಯಲ್ಲಿರುವ ಹೂವು ಇಷ್ಟೇ. ಒತ್ತಾಗಿ ಕಟ್ಟಿದರೆ ಎರಡು ಮೊಳ, ಬಿಡಿಸಿ ಕಟ್ಟಿದರೆ ನಾಲ್ಕು ಮೊಳ. ಬಿತ್ತನೆಯೂ ಹಾಗೆಯೇ: ಸಾಲು ಒತ್ತಾದರೆ ಒಂದು ಮೂಟೆ ಬೀಜ ಅರ್ಧ ಹೊಲಕ್ಕೇ ಮುಗಿಯುತ್ತದೆ. ಬಿಟ್‌ಗಳು ಆ ಹೂವು, ಆ ಬೀಜ. ಕಾಲವನ್ನು ಎಷ್ಟು ಸಣ್ಣದಾಗಿ ಎಣಿಸುತ್ತೀರೋ ಅಷ್ಟು ಬೇಗ ಅವು ತೀರುತ್ತವೆ. ಯೂನಿಕ್ಸ್ ಕಟ್ಟಿದವರೇ ಮೊದಲು ಎಡವಿದ್ದು ಇಲ್ಲಿ. 1971ರ ಅವರ ಕೈಪಿಡಿಯಲ್ಲಿ ಎಣಿಕೆ ಸೆಕೆಂಡಿನ 60ನೇ ಒಂದು ಭಾಗದಲ್ಲಿತ್ತು. ಋಣ ಸಂಖ್ಯೆಗೆ ಜಾಗ ಬಿಡದೆ ಎಣಿಸಿದರೂ 32 ಬಿಟ್‌ಗಳು ಎರಡೂಕಾಲು ವರ್ಷಕ್ಕೇ ಖಾಲಿ! ಕೊನೆಗೆ ಸೆಕೆಂಡಿಗೆ ಇಳಿದರು.

ಈಗ ಇನ್ನೊಂದು ತುದಿಗೆ ಹೋಗೋಣ. ನಮ್ಮ ಜ್ಯೋತಿರ್ಗಣಿತದವರದೂ ಪೂರ್ಣಾಂಕವೇ, ಆದರೆ ಅವರು ಎಣಿಸಿದ್ದು ದಿನಗಳನ್ನು. ಅದಕ್ಕೆ ಅಹರ್ಗಣವೆಂದು ಹೆಸರು. ಕಲಿಯುಗದ ಆರಂಭವೆಂದು ಅವರು ಹಿಡಿದ ಕ್ರಿ.ಪೂ. 3102ರಿಂದ ಇಂದಿಗೆ ಹದಿನೆಂಟು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ದಿನ ಕಳೆದಿವೆ. 43,20,000 ವರ್ಷಗಳ ಮಹಾಯುಗಕ್ಕೆ ಆರ್ಯಭಟ ಕೊಟ್ಟ ದಿನಗಳ ಲೆಕ್ಕ 1,57,79,17,500. ಮೇಲಿನ ಮಿತಿಯ ಪಕ್ಕದಲ್ಲಿಟ್ಟು ನೋಡಿ: ಸೆಕೆಂಡು ಎಣಿಸಿದರೆ 68 ವರ್ಷಕ್ಕೆ ಉಸಿರು ಕಟ್ಟುವ ಅದೇ 32 ಬಿಟ್‌ಗಳಲ್ಲಿ ಇಡೀ ಮಹಾಯುಗ ಹಿಡಿದು ಇನ್ನೂ ಜಾಗ ಮಿಗುತ್ತದೆ! (ಆರ್ಯಭಟನಿಗೆ ಯೂನಿಕ್ಸ್ ಗೊತ್ತಿತ್ತೆಂದು ದಯವಿಟ್ಟು ವಾಟ್ಸ್ಆ್ಯಪ್‌ನಲ್ಲಿ ಹರಿಬಿಡಬೇಡಿ. ಅವನಿಗೆ ಬೇಕಾದದ್ದು ಗ್ರಹಗತಿ. ದಿನದ ಎಣಿಕೆ ಅದಕ್ಕೆ ಒಪ್ಪುತ್ತಿತ್ತು.)

64 ಬಿಟ್ ಬಂದರೆ ಚಿಂತೆಯಿಲ್ಲ ಎನ್ನುವವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದತ್ತಾಂಶ ವಿಶ್ಲೇಷಣೆಗೆ ಬಳಸುವ ಪಾಂಡಾಸ್ ಎಂಬ ಸಿದ್ಧ ಕೋಡಿನ ಸಂಗ್ರಹವನ್ನು ತೋರಿಸುತ್ತೇನೆ. ಅಲ್ಲಿ 64 ಬಿಟ್‌ಗಳೇ ಇದ್ದವು, ಆದರೆ ಎಣಿಸಿದ್ದು ನ್ಯಾನೊಸೆಕೆಂಡುಗಳನ್ನು, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗವನ್ನು. ಹಾಗಾಗಿ ಕಾಲ 1677ರ ಸೆಪ್ಟೆಂಬರ್ 21ಕ್ಕೆ ಶುರುವಾಗಿ 2262ರ ಏಪ್ರಿಲ್ 11ಕ್ಕೆ ಮುಗಿಯುತ್ತಿತ್ತು. ಶಿವಾಜಿಯ ಪಟ್ಟಾಭಿಷೇಕ 1674ರಲ್ಲಿ. ಮೂರು ವರ್ಷದಲ್ಲಿ ತಪ್ಪಿತು. 1565ರ ಜನವರಿ 23ರ ರಕ್ಕಸತಂಗಡಿ ಯುದ್ಧವನ್ನು ಬರೆದರೆ ಮಿತಿ ಮೀರಿದೆಯೆಂಬ ದೋಷಸೂಚನೆ. ವಿಜಯನಗರ ಬಿದ್ದ ದಿನವನ್ನು ದಾಖಲಿಸಲು ನ್ಯಾನೊಸೆಕೆಂಡು ಯಾರು ಕೇಳಿದ್ದರು? 2023ರ 2.0 ಆವೃತ್ತಿಯಲ್ಲಿ ಸೆಕೆಂಡು, ಮಿಲಿಸೆಕೆಂಡುಗಳಲ್ಲಿ ಎಣಿಸುವ ಅವಕಾಶ ಬಂತು. ಬಿಟ್ ಒಂದೂ ಹೆಚ್ಚಲಿಲ್ಲ. ಹೂವುಗಳ ನಡುವೆ ನಾರು ಸ್ವಲ್ಪ ಬಿಟ್ಟರು, ಹಂಪಿ ಒಳಗೆ ಬಂತು.