ಕಾಲೂರದ ಸವಾರಿಗೆ ಕಾಲು ಎಕ್ಸಲೇಟರಿನ ಲೆಕ್ಕ

ಬೈಕ್ ಸ್ಪರ್ಧೆಗಳಲ್ಲಿ ಟ್ರಯಲ್ಸ್ ಒಂದು ವಿಚಿತ್ರ ಆಟ. ಮೊದಲು ಬಂದವರಿಗೆ ಇಲ್ಲಿ ಬಹುಮಾನವಿಲ್ಲ. ಬಂಡೆ, ಕೆಸರು, ಹಳ್ಳ, ಕಡಿದಾದ ಏರುಗಳ ನಡುವೆ ಗುರುತು ಹಾಕಿದ ಕಿರುದಾರಿಯನ್ನು ನೆಲಕ್ಕೆ ಕಾಲೂರದೆ ದಾಟಬೇಕು. ಒಮ್ಮೆ ಊರಿದರೆ 1 ಅಂಕ, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚಾದರೆ 3, ಬಿದ್ದರೆ 5. ಅಂಕ ಕಡಿಮೆ ಇದ್ದವರೇ ಗೆದ್ದವರು. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಶುರುವಾದದ್ದು 1909ರಲ್ಲಿ. 1952ರಲ್ಲಿ ಅದನ್ನು ಜಾನಿ ಬ್ರಿಟನ್ ಗೆದ್ದದ್ದು 350 ಸಿಸಿ ಬುಲೆಟ್ ಮೇಲೆ, ನಮ್ಮೂರುಗಳಲ್ಲಿ ಹಾಲಿನ ಕ್ಯಾನು ಹೊತ್ತು ತಿರುಗಿದ ಬುಲೆಟ್ಟಿನ ದಾಯಾದಿಯ ಮೇಲೆ. 1965ರಲ್ಲಿ ಸ್ಯಾಮಿ ಮಿಲ್ಲರ್ ಹಗುರವಾದ ಬುಲ್ಟಾಕೊ ಶೆರ್ಪಾ ಟಿ ಏರಿ ಗೆದ್ದ ಮೇಲೆ ಈ ಆಟ ಟೂ-ಸ್ಟ್ರೋಕ್ ಗಾಡಿಗಳ ಕಡೆಗೆ ವಾಲಿತು.

ಕಲಬುರಗಿ ಸೀಮೆಯಲ್ಲಿ ಆಮದು ಟ್ರಯಲ್ಸ್ ಗಾಡಿ ಕಾಣಸಿಗುವುದು ಅಪರೂಪ. ನೆಲ ಮಾತ್ರ ಇದಕ್ಕೇ ಹೇಳಿ ಮಾಡಿಸಿದ್ದು. ಶಹಾಬಾದ ಕಡೆ ಹಾಸುಗಲ್ಲಿನ ಚೂರುಗಳ ರಾಶಿ, ಬೀದರಿನಲ್ಲಿ ಜಂಬಿಟ್ಟಿಗೆ ದಿಬ್ಬ, ಯಾದಗಿರಿ-ಶಹಾಪುರದಲ್ಲಿ ಗುಂಡುಬಂಡೆ. ಹಳೇ ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100 ಇಂಥ ಗಾಡಿಯ ಭಾರ ಇಳಿಸಿ, ಹಿಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ದೊಡ್ಡದು ಹಾಕಿದರೆ ಕಲಿಯಲು ಸಾಕು. ಮುಂದಿನ ಕೆಲಸ ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನದು, ಏಕೆಂದರೆ ಮೂವತ್ತು ವರ್ಷ ಓಡಿದ ಗಾಡಿಯ ಕಾರ್ಬುರೇಟರ್ ಸವೆದೇ ಇರುತ್ತದೆ.

ಗ್ಯಾರೇಜಿಗೆ ಹೋದರೆ ಕೇಳಿಬರುವ ಮೊದಲ ಸಲಹೆ ಇದು: "ದೊಡ್ಡ ಕಾರ್ಬುರೇಟರ್ ಕೂಡಿಸ್ರಿ, ಮೇನ್ ಜೆಟ್ ಭಾಳ ಹಾಕ್ರಿ, ಗಾಡಿ ಹೆಂಗ್ ಎಳೀತದ ನೋಡ್ರಿ." ಹುಮನಾಬಾದ ರಸ್ತೆಯಲ್ಲಿ ನೂರರ ವೇಗದಲ್ಲಿ ಹೋಗುವುದಾದರೆ ಈ ಮಾತಿಗೆ ಅರ್ಥವಿದೆ. ಬಂಡೆ ಹತ್ತುವವರಿಗೆ ಇದು ಉಲ್ಟಾ ಸಲಹೆ.

ಯಾಕೆಂದು ನೋಡೋಣ. ಗಾಳಿ ಇಕ್ಕಟ್ಟಾದ ದಾರಿಯಲ್ಲಿ ಹಾದಾಗ ಅದರ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲಿ ಬರೆದಿಟ್ಟ ತತ್ವವೇ ಕಾರ್ಬುರೇಟರಿನ ಕುತ್ತಿಗೆಯಲ್ಲಿ ಕೆಲಸ ಮಾಡುವುದು. ಕೆಳಗಿನ ಬೌಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಪೂರ್ತಿ ಒತ್ತಡ, ಮೇಲೆ ಕುತ್ತಿಗೆಯಲ್ಲಿ ಕಡಿಮೆ ಒತ್ತಡ. ಆ ವ್ಯತ್ಯಾಸಕ್ಕೆ ಪೆಟ್ರೋಲು ಜೆಟ್ಟಿನ, ಅಂದರೆ ಅಳತೆಯ ತೂತಿರುವ ಹಿತ್ತಾಳೆ ತುಣುಕಿನ ಮೂಲಕ ಮೇಲೇಳುತ್ತದೆ. ಈ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದೇ ಮುಖ್ಯ. ಹಳೇ 350 ಸಿಸಿ ಬುಲೆಟ್ಟಿನ ಮಿಕ್‌ಕಾರ್ಬ್ ವಿಎಂ 24ರ ಕುತ್ತಿಗೆ 24 ಮಿ.ಮೀ. ಅದರ ಜಾಗಕ್ಕೆ 28 ಮಿ.ಮೀ. ಕೂಡಿಸಿದರೆ ಕುತ್ತಿಗೆಯ ವಿಸ್ತೀರ್ಣ ಶೇ. 36 ಹೆಚ್ಚುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹಾಯುತ್ತದೆ, ಎಳೆತ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ. ಎಕ್ಸಲೇಟರ್ ತಿರುವಿದಂತೆ ಕುತ್ತಿಗೆಯಲ್ಲಿ ಮೇಲೇಳುವ ಸ್ಲೈಡ್ ಕೆಳಗಿದ್ದಾಗ ಅದೇ ದಾರಿಯನ್ನು ಇಕ್ಕಟ್ಟು ಮಾಡುವುದರಿಂದ ಈ ಕೊರತೆ ಗೊತ್ತಾಗುವುದಿಲ್ಲ. ಬಂಡೆ ಎದುರಾಗಿ, ಎಂಜಿನ್ ಇನ್ನೂ ಗುಡುಗುಡು ಎನ್ನುತ್ತಿರುವಾಗಲೇ ಎಕ್ಸಲೇಟರ್ ಒಮ್ಮೆಲೇ ತಿರುವಿದಿರೋ, ಗಾಡಿ 'ಬುಸ್' ಎಂದು ಉಸಿರು ಬಿಟ್ಟು ಸುಮ್ಮನಾಗುತ್ತದೆ. ಕಾಲು ನೆಲಕ್ಕೆ, ಅಂಕ ಖಾತೆಗೆ. ಕಂಪನಿ ಕೊಟ್ಟ ಅಳತೆಯ ಹೊಸ ಕಾರ್ಬುರೇಟರೇ ಸಾಕು. ಬದಲಾಯಿಸಲೇಬೇಕೆಂದರೆ ಒಂದು ಅಳತೆ ಚಿಕ್ಕದಾದರೂ ಚಿಂತೆಯಿಲ್ಲ, ದೊಡ್ಡದು ಬೇಡ.

ಮಿಕುನಿ ಮಾದರಿಯ (ಮಿಕ್‌ಕಾರ್ಬ್ ಕೂಡ ಇದೇ) ಕಾರ್ಬುರೇಟರಿನಲ್ಲಿ ಎಕ್ಸಲೇಟರಿನ ಒಂದೊಂದು ಪಾಲನ್ನು ಒಂದೊಂದು ಭಾಗ ಆಳುತ್ತದೆ. ಮುಚ್ಚಿದಲ್ಲಿಂದ ಕಾಲು ಭಾಗದ ತನಕ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಎಂಟನೇ ಒಂದರಿಂದ ಅರ್ಧದ ತನಕ ಸ್ಲೈಡಿನ ಕೆಳತುದಿಯ ಓರೆ ಕಟ್. ಕಾಲಿನಿಂದ ಮುಕ್ಕಾಲಿನ ತನಕ ನೀಡಲ್ (ಸ್ಲೈಡಿಗೆ ತೂಗುವ ಸೂಜಿ) ಮತ್ತು ಅದು ಇಳಿಯುವ ಜೆಟ್. ಮೇನ್ ಜೆಟ್ಟಿನ ಮಾತು ನಡೆಯುವುದು ಮುಕ್ಕಾಲು ದಾಟಿದ ಮೇಲೆ. ಟ್ರಯಲ್ಸ್ ಸವಾರಿ ಬಹುಪಾಲು ಕಾಲು ಎಕ್ಸಲೇಟರಿನೊಳಗೇ ಮುಗಿಯುವುದರಿಂದ, ಜನ ಎಲ್ಲಕ್ಕಿಂತ ಮೊದಲು ಕೊಳ್ಳುವ ಜೆಟ್ಟೇ ಇಲ್ಲಿ ಎಲ್ಲಕ್ಕಿಂತ ಕಡಿಮೆ ಕೆಲಸದ್ದು.

ಹಳೇ ಕಾರ್ಬುರೇಟರಿಗೆ ಹೊಸ ಜೆಟ್ ಹಾಕಿ ಸುಧಾರಿಸಬಹುದಲ್ಲ ಎಂದರೆ, ಅದರ ನೀಡಲನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ. ಮೇಲಿನ ನೇರ ಭಾಗದಲ್ಲಿ ಒಂದು ಕಡೆ ಹೊಳೆಯುವ ಪಟ್ಟಿ ಕಂಡರೆ ಅದು ಜೆಟ್ಟಿಗೆ ಉಜ್ಜಿ ಸವೆದ ಜಾಗ. ಜೆಟ್ಟಿನ ತೂತು 2.600 ಮಿ.ಮೀ., ನೀಡಲ್ 2.515 ಮಿ.ಮೀ. ಎಂದು ಇಟ್ಟುಕೊಳ್ಳಿ. ನಡುವಿನ ಬಳೆಯಾಕಾರದ ಸಂದಿ 0.34 ಚದರ ಮಿ.ಮೀ. ಆಗುತ್ತದೆ, ಪೆಟ್ರೋಲು ಹಾಯುವುದು ಅದರಲ್ಲಿ. ತೂತು ಒಂದು ಮಿ.ಮೀ.ನ ನೂರನೇ ಒಂದು ಭಾಗ ಹಿಗ್ಗಿ, ನೀಡಲ್ ಅಷ್ಟೇ ಸವೆದರೆ ಸಂದಿ 0.42 ಆಗುತ್ತದೆ. ಕಣ್ಣಿಗೆ ಕಾಣದಷ್ಟು ಸವೆತಕ್ಕೆ ಶೇ. 23 ಹೆಚ್ಚು ಪೆಟ್ರೋಲು! ಕಾಲು ಎಕ್ಸಲೇಟರಿನಲ್ಲಿ ಗಾಡಿ ಕಪ್ಪು ಹೊಗೆ ಬಿಟ್ಟು ತೊದಲುವುದು ಇದರಿಂದ. ಯಾವ ಮೇನ್ ಜೆಟ್ ಹಾಕಿದರೂ ಇದು ಸರಿಹೋಗದು. ನೀಡಲ್ ಮತ್ತು ಅದರ ಜೆಟ್ ಜೋಡಿಯಾಗಿಯೇ ಬದಲಾಗಬೇಕು. ಸ್ಲೈಡ್ ಕೂಡ ಸವೆದು ಗಡಗಡ ಅಲ್ಲಾಡುತ್ತಿದ್ದರೆ ಪೂರ್ತಿ ಕಾರ್ಬುರೇಟರನ್ನೇ ಬದಲಾಯಿಸುವುದು ಒಳ್ಳೆಯದು.

ಜೆಟ್ಟಿನಲ್ಲಿ ಕಚರಾ ಸಿಕ್ಕಿದೆಯೆಂದು ಟಾಚಣಿ, ತಂತಿ ತೂರಿಸುವ ಚಾಳಿಯೂ ಇಂಥದೇ. ಹಿತ್ತಾಳೆ ಮೆತ್ತಗಿನ ಲೋಹ. 0.40 ಮಿ.ಮೀ. ತೂತು 0.44 ಆದರೆ ವಿಸ್ತೀರ್ಣ ಶೇ. 21 ಹೆಚ್ಚಿತು, ಮೇಲಿನ ನಂಬರ್ ಮಾತ್ರ ಹಳೆಯದೇ ಉಳಿಯಿತು. ಕಾರ್ಬ್ ಕ್ಲೀನರ್ ಮತ್ತು ಕಂಪ್ರೆಸರಿನ ಗಾಳಿ ಬಳಸಿ. ಕಣ್ಣಿಗೆ ಕನ್ನಡಕ ಇರಲಿ. ನಂಬರಿನ ವಿಷಯದಲ್ಲೂ ಒಂದು ಎಚ್ಚರ: ಅಮಲ್ ಕಂಪನಿಯ ಜೆಟ್ಟಿನ ಸಂಖ್ಯೆ ನಿಮಿಷಕ್ಕೆ ಹಾಯುವ ದ್ರವದ ಅಳತೆ, ಡೆಲ್ಲೋರ್ಟೊ ಕಂಪನಿಯ ಜೆಟ್ಟಿನದು ಮಿ.ಮೀ.ನ ನೂರರ ಲೆಕ್ಕದಲ್ಲಿ ತೂತಿನ ವ್ಯಾಸ. ಒಂದರ ನಂಬರು ನೋಡಿ ಇನ್ನೊಂದಕ್ಕೆ ಜೆಟ್ ತರಬೇಡಿ.

ಈಗ ಬಿಚ್ಚುವ ಕೆಲಸ. ಎಂಜಿನ್ ತಣ್ಣಗಿರಬೇಕು, ಜಾಗ ಗಾಳಿಯಾಡುವಂತಿರಬೇಕು, ಹತ್ತಿರ ಬೀಡಿ-ಸಿಗರೇಟು ಇರಬಾರದು. ಕಾಕ್ ಬಂದ್ ಮಾಡಿ ಬೌಲಿನ ಪೆಟ್ರೋಲನ್ನು ಡ್ರೇನ್ ಸ್ಕ್ರೂನಿಂದ ಬಾಟಲಿಗೆ ಇಳಿಸಿ. ಮೇಲಿನ ಮುಚ್ಚಳ ತಿರುಗಿಸಿ ಸ್ಲೈಡನ್ನು ಕೇಬಲ್ ಸಮೇತ ಎತ್ತಿ, ನೀಡಲ್ ಬಾಗದಂತೆ ಬಟ್ಟೆ ಸುತ್ತಿಡಿ. ಆಮೇಲೆ ಹಿಂದಿನ ಕ್ಲಿಪ್, ಮುಂದಿನ ನಟ್ಟು ಬಿಚ್ಚಿ. ಹೊಸದನ್ನು ಕೂಡಿಸುವಾಗ ತಪ್ಪುವ ಜಾಗ ಎರಡೇ. ಒಂದು, ಸ್ಲೈಡಿನ ಓರೆ ಕಟ್ ಏರ್ ಫಿಲ್ಟರ್ ಕಡೆಗಿರಬೇಕು, ಅದರ ಪಕ್ಕದ ಉದ್ದ ಸೀಳು ಒಳಗಿನ ಪಿನ್ನಿನ ಮೇಲೆ ಕೂರಬೇಕು. ಹಿಂದುಮುಂದಾದರೆ ಸ್ಲೈಡ್ ಪೂರ್ತಿ ಇಳಿಯದೆ, ಕಿಕ್ ಹೊಡೆದ ತಕ್ಷಣ ಎಂಜಿನ್ ಕಿರುಚತೊಡಗುತ್ತದೆ. ಎರಡು, ಮುಂದಿನ ಫ್ಲೇಂಜ್, ಅಂದರೆ ಎಂಜಿನ್ನಿಗೆ ಕೂರುವ ಚಪ್ಪಟೆ ಅಂಚು. ನಟ್ಟು ಅತಿಯಾಗಿ ಬಿಗಿದ ಫ್ಲೇಂಜ್ ಬಿಲ್ಲಿನಂತೆ ಬಾಗಿರುತ್ತದೆ. ಗಾಜಿನ ಮೇಲೆ 400 ನಂಬರಿನ ಎಮರಿ ಹಾಳೆ ಹಾಸಿ, ಉಜ್ಜಿದ ಗುರುತು ಎಲ್ಲ ಕಡೆ ಒಂದೇ ಸಮ ಬರುವ ತನಕ ಎಂಟರ ಆಕಾರದಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಬೇಕಲೈಟ್ ಪ್ಯಾಕಿಂಗ್ ಬಿಸಾಡಬೇಡಿ, ಅದು ಹೆಡ್ಡಿನ ಕಾವು ಕಾರ್ಬುರೇಟರಿಗೆ ಏರದಂತೆ ತಡೆಯುವ ಗೋಡೆ.

ಬೌಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ತೇಲುವ ಭಾಗ ಫ್ಲೋಟ್. ಕಾರ್ಬುರೇಟರ್ ಕೂಡಿಸುವ ಮೊದಲೇ ಅದರ ಎತ್ತರ ನೋಡಬೇಕು. ಕಾರ್ಬುರೇಟರನ್ನು ಓರೆಯಾಗಿ ಹಿಡಿದು, ಫ್ಲೋಟಿನ ನಾಲಿಗೆ ಪೆಟ್ರೋಲು ತಡೆಯುವ ಸೂಜಿಯ ಸ್ಪ್ರಿಂಗ್ ಪಿನ್ನನ್ನು ಅದುಮದೆ ಬರೀ ಮುಟ್ಟಿದಾಗ ಅಳೆಯಿರಿ. ಬೋರಲು ಹಾಕಿ ಅಳೆದರೆ ಫ್ಲೋಟಿನ ಭಾರಕ್ಕೆ ಪಿನ್ ಕುಗ್ಗಿ ಅಳತೆ ತಪ್ಪುತ್ತದೆ. ಕಡಿದಾದ ಏರಿನಲ್ಲಿ ಗಾಡಿ ಪೆಟ್ರೋಲು ಸುರಿಸಿದರೆ ಮೊದಲ ಗುಮಾನಿ ಇದರ ಮೇಲೆ. ಬೌಲಿಗೆ ಗಾಳಿ ಕೊಡುವ ಸಣ್ಣ ಪೈಪುಗಳನ್ನೂ ಮರೆಯಬೇಡಿ. ಅವು ಮಡಚಿದರೆ, ಹಳ್ಳ ದಾಟುವಾಗ ನೀರಲ್ಲಿ ಮುಳುಗಿದರೆ ಪೆಟ್ರೋಲಿನ ಮೇಲಿನ ಒತ್ತಡ ಹೋಗಿ ಗಾಡಿ ನಡುನೀರಲ್ಲೇ ನಿಲ್ಲುತ್ತದೆ. 'T' ಆಕಾರದ ಪೈಪು ಜೋಡಣೆ ಕೂಡಿಸಿ ಒಂದು ಕವಲನ್ನು ಟಂಕಿಯ ಕೆಳಗೆ ಏರಿಸಿ ಕಟ್ಟಿದರೆ ಈ ಕಾಟ ಇರುವುದಿಲ್ಲ.

ಟ್ಯೂನಿಂಗಿಗೆ ಮುಂಚೆ ಪ್ಲಗ್, ಪಾಯಿಂಟ್, ಟ್ಯಾಪೆಟ್ ಸರಿಯಿರಬೇಕು. ಏರ್ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಬಿಚ್ಚಿ. ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡ್ಲಿಂಗಿನಲ್ಲಿ (ಎಕ್ಸಲೇಟರ್ ಮುಟ್ಟದೆ ಓಡುವಾಗ) ಅದನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಎಂಜಿನ್ ಅತಿ ಜೋರಾಗಿ ಓಡುವ ಜಾಗ ಹುಡುಕಿ. ಆ ಜಾಗ ಒಂದು ಸುತ್ತಿಗಿಂತ ಒಳಗೆ ಸಿಕ್ಕರೆ ಪೈಲಟ್ ಜೆಟ್ ಚಿಕ್ಕದಾಯಿತು, ಎರಡೂವರೆ ದಾಟಿದರೆ ದೊಡ್ಡದಾಯಿತು. ಈ ಮಾತು ಸ್ಕ್ರೂ ಫಿಲ್ಟರ್ ಕಡೆ ಇದ್ದಾಗ ಮಾತ್ರ, ಅಲ್ಲಿ ಅದು ಗಾಳಿಯನ್ನು ಅಳೆಯುತ್ತದೆ. ಎಂಜಿನ್ ಕಡೆ ಇದ್ದರೆ ಮಿಶ್ರಣವನ್ನು ಅಳೆಯುತ್ತದೆ, ಲೆಕ್ಕ ತಿರುವುಮುರುವು. ಜೋರು ಸಿಕ್ಕ ಮೇಲೂ ಐಡ್ಲಿಂಗ್ ಏರಿಳಿಯುತ್ತಿದ್ದರೆ ಫ್ಲೇಂಜಿನ ಕೂಡಿಗೆ ಸ್ವಲ್ಪ ನೀರು ಸಿಂಪಡಿಸಿ. ಎಂಜಿನ್ ಸದ್ದು ಬದಲಾದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ. ಇದಕ್ಕೆ ಪೆಟ್ರೋಲು ಸಿಂಪಡಿಸುವವರಿದ್ದಾರೆ, ಕಾದ ಸೈಲೆನ್ಸರಿನ ಪಕ್ಕದಲ್ಲಿ ಅದು ಹುಚ್ಚು ಸಾಹಸ.

ಆಮೇಲೆ ಹಿಡಿಕೆಯ ಮೇಲೆ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗೆರೆ ಎಳೆಯಿರಿ. ಯಾವ ಗೆರೆಯಲ್ಲಿ ತೊದಲುತ್ತದೋ ಆ ಪಾಲಿನ ಭಾಗವನ್ನಷ್ಟೇ ಮುಟ್ಟಿ, ಒಮ್ಮೆಗೆ ಒಂದನ್ನೇ. ಸ್ಲೈಡಿನ ಕಟ್ ನಂಬರ್ ಹೆಚ್ಚಾದಷ್ಟೂ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ. ನೀಡಲಿನ ಕ್ಲಿಪ್ಪನ್ನು ಒಂದು ಗೀರು ಮೇಲೆ ಹಾಕಿದರೆ ನೀಡಲ್ ಕೆಳಗಿಳಿದು ಆಗಲೂ ಪೆಟ್ರೋಲು ಕಡಿಮೆಯಾಗುತ್ತದೆ.

ಹೊರಗಿನಿಂದ ಬಂದ ಸೆಟ್ಟಿಂಗ್ ಪಟ್ಟಿಗಳನ್ನು ಇಲ್ಲಿ ಹಾಗೇ ನಂಬುವಂತಿಲ್ಲ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಮೇ ತಿಂಗಳಲ್ಲಿ ಕಾವು 44 ಡಿಗ್ರಿ ಮುಟ್ಟುತ್ತದೆ. ಸಮುದ್ರ ಮಟ್ಟದ 20 ಡಿಗ್ರಿಯ ಗಾಳಿಗೆ ಹೋಲಿಸಿದರೆ ಆ ಹೊತ್ತಿನ ನಮ್ಮ ಗಾಳಿ ಶೇ. 12ರಷ್ಟು ತೆಳು. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಗಾಳಿಯ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿ ಏರುವುದರಿಂದ ಪೆಟ್ರೋಲು ಸುಮಾರು ಶೇ. 7 ಜಾಸ್ತಿಯಾಗುತ್ತದೆ. ಇತ್ತ ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಬರೀ ಪೆಟ್ರೋಲಿನ 1 ಕಿಲೊ ಉರಿಯಲು 14.7 ಕಿಲೊ ಗಾಳಿ ಬೇಕು, ಈ ಬೆರಕೆಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಶೇ. 8-9 ಹೆಚ್ಚು ಇಂಧನ ಬೇಕು. ಬೇಸಿಗೆ ಮಧ್ಯಾಹ್ನ ಬಿಸಿಲು ಕೊಟ್ಟದ್ದನ್ನು ಎಥನಾಲ್ ನುಂಗಿ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಡಿಸೆಂಬರಿನ 15 ಡಿಗ್ರಿಯ ಬೆಳಗಿನಲ್ಲಿ ಬಿಸಿಲಿನ ಪಾಲು ಶೇ. 2ಕ್ಕೆ ಇಳಿದು ಇಂಧನ ಸಾಲದಾಗುತ್ತದೆ. ಆಗ ಐಡ್ಲಿಂಗ್ ನಿಲ್ಲದು, ಎಕ್ಸಲೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಎನ್ನುತ್ತದೆ. ಏರ್ ಸ್ಕ್ರೂ ಅರ್ಧ ಸುತ್ತು ಒಳಗೆ, ಸಾಲದಿದ್ದರೆ ಪೈಲಟ್ ಜೆಟ್ ಒಂದು ನಂಬರ್ ಮೇಲೆ. ಟೂ-ಸ್ಟ್ರೋಕ್ ಗಾಡಿಯಲ್ಲಿ ಇದನ್ನು ಅಲಕ್ಷಿಸಿದರೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ಬೀದರ್ ಕಲಬುರಗಿಗಿಂತ ಇನ್ನೂರೈವತ್ತು ಮೀಟರ್ ಮೇಲಿದ್ದರೂ ಒತ್ತಡದ ವ್ಯತ್ಯಾಸ ಶೇ. 3ರ ಆಸುಪಾಸು ಮಾತ್ರ, ಅದಕ್ಕಾಗಿ ಪಾನಾ ಎತ್ತಬೇಕಿಲ್ಲ. ಊರು ಬದಲಾದಾಗ ಅಲ್ಲ, ಹಂಗಾಮು ಬದಲಾದಾಗ ಸ್ಕ್ರೂ ತಿರುಗಿಸಿ.

ಕಾದ ಹಾಸುಗಲ್ಲಿನ ಮೇಲೆ ಹತ್ತು ನಿಮಿಷ ನಿಲ್ಲಿಸಿದ ಗಾಡಿ ಮತ್ತೆ ಚಾಲೂ ಆಗದಿದ್ದರೆ ಅದು ಬೇರೆ ಸಂಗತಿ. ಪೆಟ್ರೋಲಿನ ಹಗುರ ಅಂಶಗಳು 35-40 ಡಿಗ್ರಿಗೇ ಕುದಿಯತೊಡಗುತ್ತವೆ. ಎಂಜಿನ್ ನಿಂತ ಮೇಲೆ ಹೆಡ್ಡಿನ ಕಾವು ಬೌಲಿಗೆ ಏರಿ ಪೆಟ್ರೋಲು ಉಕ್ಕಿ ಒಳಗೆ ಇಳಿದಿರುತ್ತದೆ. ಚೋಕ್ ಎಳೆಯಬೇಡಿ. ಎಕ್ಸಲೇಟರ್ ಪೂರ್ತಿ ತಿರುವಿ ಹಿಡಿದು ನಾಲ್ಕೈದು ಕಿಕ್ ಹೊಡೆದರೆ ಒಳಗಿನ ಹಸಿ ಗಾಳಿ ಹೊರಬೀಳುತ್ತದೆ.

ಮೊದಲ 20 ಕಿ.ಮೀ. ಆದ ಮೇಲೆ ಫ್ಲೇಂಜಿನ ನಟ್ಟುಗಳನ್ನು ಒಮ್ಮೆ ನೋಡಿ, ಹೊಸ ಪ್ಯಾಕಿಂಗ್ ಕುಗ್ಗಿ ಸಡಿಲಾಗಿರುತ್ತವೆ. ಹಾಗೇ ಬೌಲಿನ ತಳವನ್ನು ಬಿಳಿ ಬಟ್ಟೆಯಿಂದ ಒರೆಸಿ. ಕಂದು ಹುಡಿ ಬಂದರೆ ಟಂಕಿಯ ತುಕ್ಕು, ಬಿಳಿ ಪುಡಿ ಬಂದರೆ ಎಥನಾಲ್ ಜೊತೆ ಬಂದ ತೇವಕ್ಕೆ ಲೋಹ ಕರಗುತ್ತಿರುವ ಗುರುತು. ಎಕ್ಸಲೇಟರ್ ಬಿಟ್ಟರೂ ಸ್ಲೈಡ್ ಕರಕರ ಎನ್ನುತ್ತಾ ತಡವಾಗಿ ಇಳಿದರೆ ಏರ್ ಫಿಲ್ಟರಿನ ರಬ್ಬರು ಸರಿಯಾಗಿ ಕೂತಿಲ್ಲ, ಕಲ್ಲಿನ ಹುಡಿ ಆಗಲೇ ಒಳಗೆ ಹೋಗಿದೆ.