ಮೋಡದ ಕೆಳಗಿನ ಹೊಲ ನೋಡಲು 55 ವರ್ಷ

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೊಲಗಳಿಗೆ ನುಗ್ಗಿತು. ತೊಗರಿ, ಹತ್ತಿ ನೀರಲ್ಲಿ ನಿಂತವು. ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈ 30ರಂದು, ಶ್ರೀಹರಿಕೋಟಾದಿಂದ ನಿಸಾರ್ ಉಪಗ್ರಹ ಹಾರಿತ್ತು. ಮೋಡವಿರಲಿ, ಕತ್ತಲಿರಲಿ, ನೆಲ ನೋಡಬಲ್ಲ ಉಪಗ್ರಹ ಅದು. ಹಾಗಾದರೆ ನಮ್ಮ ನೆರೆಗೆ ಅದು ನೆರವಾಗಲಿಲ್ಲವೇ ಎಂದು ಯಾರಾದರೂ ಕೇಳಿದರೆ ಸಹಜ. ಆಗ ನಿಸಾರ್ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಅದರ ದಿನನಿತ್ಯದ ಕೆಲಸ ಶುರುವಾಗಿದ್ದು ನವೆಂಬರ್‌ನಲ್ಲಿ.

ಉಪಗ್ರಹ ಅಂದರೆ ನಮಗೆ ನೆನಪಾಗುವುದು ಬೆಂಕಿ ಉಗುಳುತ್ತಾ ಏರುವ ರಾಕೆಟ್. ಟಿವಿಯಲ್ಲಿ ಅದನ್ನೇ ತೋರಿಸುತ್ತಾರೆ. ಆ ಇಪ್ಪತ್ತು ನಿಮಿಷಕ್ಕೆ ಮುಂಚೆ ಹತ್ತಾರು ವರ್ಷ, ಆಮೇಲೆ ತಿಂಗಳುಗಟ್ಟಲೆ ನಡೆಯುವ ಸಿದ್ಧತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರಲ್ಲಿ ದೊಡ್ಡ ಪಾಲು ನಡೆಯುವುದು ನೆಲದ ಮೇಲೆ. ಆ ನೆಲದಲ್ಲಿ ನಮ್ಮ ಎರೆ ಹೊಲವೂ ಸೇರಿದೆ ಎಂಬುದೇ ಈ ಲೇಖನದ ವಿಷಯ.

ಈ ಕಥೆ ಶುರುವಾಗುವುದು ಬೆಳೆ ರೋಗದಿಂದ. 1970ರಲ್ಲಿ ಕೇರಳದ ತೆಂಗಿಗೆ ಬೇರು ಸೊರಗು ರೋಗ ಹತ್ತಿತ್ತು. ವಿಜ್ಞಾನಿ ಪಿ.ಆರ್. ಪಿಷಾರಟಿ ಅವರ ತಂಡ ಹೆಲಿಕಾಪ್ಟರಿನಿಂದ ಇನ್ಫ್ರಾರೆಡ್ ಫಿಲ್ಮಿನಲ್ಲಿ ತೋಟಗಳ ಫೋಟೊ ತೆಗೆಯಿತು. ಆರೋಗ್ಯವಾಗಿರುವ ಎಲೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಸೊರಗಿದ ಎಲೆ ಅಷ್ಟು ಕಳಿಸುವುದಿಲ್ಲ. ಹಾಗಾಗಿ ರೋಗ ಹತ್ತಿದ ಮರಗಳು ಫೋಟೊದಲ್ಲಿ ಬೇರೆ ಬಣ್ಣದಲ್ಲಿ ಕಂಡವು. ಭಾರತದಲ್ಲಿ ದೂರದಿಂದ ನೆಲ ನೋಡುವ ವಿದ್ಯೆಗೆ ಅದೇ ಮೊದಲ ಹೆಜ್ಜೆ ಎನ್ನುತ್ತಾರೆ. 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ಕಲಬುರಗಿಯ ತೊಗರಿ ನಿಂತಲ್ಲೇ ಒಣಗಿದ್ದನ್ನು ಕಂಡವರಿಗೆ ಆ ಪ್ರಯೋಗದ ಬೆಲೆ ಬೇಗ ತಿಳಿಯುತ್ತದೆ. ಮಣ್ಣಿನೊಳಗಿನ ಶಿಲೀಂಧ್ರವನ್ನು ಯಾವ ಉಪಗ್ರಹವೂ ನೋಡಲಾರದು. ಅದು ಗಿಡಕ್ಕೆ ಮಾಡುವ ಹಾನಿಯನ್ನು ನೋಡಬಹುದು.

ಆಮೇಲೆ ಬಂದದ್ದು ಸ್ವಂತ ಉಪಗ್ರಹಗಳ ಕಾಲ. 1979ರ ಜೂನ್ 7ರಂದು ಭಾಸ್ಕರ-1 ಸೋವಿಯತ್ ನೆಲದಿಂದ ಹಾರಿತು. ಅದರ ಕ್ಯಾಮೆರಾಕ್ಕೆ ಸುಮಾರು 1 ಕಿ.ಮೀ.ಗಿಂತ ಚಿಕ್ಕದು ಕಾಣುತ್ತಿರಲಿಲ್ಲ. ಹೊಲ ಹೋಗಲಿ, ಒಂದು ಸಣ್ಣ ಊರೂ ಅದರಲ್ಲಿ ಒಂದು ಚುಕ್ಕಿ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹೋದ ಐಆರ್‌ಎಸ್-1ಎ ಉಪಗ್ರಹದಿಂದ ಪರಿಸ್ಥಿತಿ ಬದಲಾಯಿತು. ಅದರ ಎರಡು ಬಗೆಯ ಕ್ಯಾಮೆರಾಗಳಿಗೆ 72.5 ಮೀಟರ್ ಮತ್ತು 36.25 ಮೀಟರ್ ಅಳತೆಯ ತುಣುಕುಗಳು ಕಾಣುತ್ತಿದ್ದವು. ಅದೇ 1988ರಲ್ಲಿ ಕರ್ನಾಟಕ ಬರ ನಿಗಾ ಘಟಕ ಆರಂಭಿಸಿತು. ಇವತ್ತಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೂಲ ಅದೇ.

ಉಪಗ್ರಹ ಕಳಿಸಿದ್ದನ್ನು ಹಿಡಿಯುವವರು ಬೇಕಲ್ವಾ? ಆ ಕೆಲಸ ನಡೆಯುವುದು ಹೈದರಾಬಾದಿನ ದಕ್ಷಿಣಕ್ಕಿರುವ ಶಾದನಗರದಲ್ಲಿ. ಕಲಬುರಗಿಯಿಂದ ನೇರ ಗೆರೆ ಎಳೆದರೆ ಸುಮಾರು 150 ಕಿ.ಮೀ. ಬೆಂಗಳೂರು ನಮಗೆ ಅದರ ಮೂರು ಪಟ್ಟಿಗಿಂತ ಜಾಸ್ತಿ ದೂರ. ಸೇಡಂ, ತಾಂಡೂರು ದಾಟಿ ಹೈದರಾಬಾದಿಗೆ ರೈಲಿನಲ್ಲಿ ಓಡಾಡುವ ನಮ್ಮ ಎಷ್ಟೋ ಜನರಿಗೆ ದೇಶದ ದೊಡ್ಡ ಉಪಗ್ರಹ ಆಂಟೆನಾಗಳು ಇಷ್ಟು ಹತ್ತಿರ ಇವೆ ಎಂದು ಗೊತ್ತಿಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು 1979ರಿಂದಲೇ ಇಲ್ಲಿ ಹಿಡಿಯುತ್ತಿದ್ದರು. ಅಂದರೆ ಐಆರ್‌ಎಸ್-1ಎ ಹಾರುವ ಹೊತ್ತಿಗೆ ನೆಲದ ಮೇಲಿನ ಕೈಗಳು ಒಂಬತ್ತು ವರ್ಷ ಪಳಗಿದ್ದವು. ನನ್ನ ಮಟ್ಟಿಗೆ ಭಾರತದ ಭೂವೀಕ್ಷಣೆ ಬೇಗ ಬೇರೂರಿದ್ದಕ್ಕೆ ದೊಡ್ಡ ಕಾರಣ ಇದು.

ಆದರೂ ನಮ್ಮ ಭಾಗದ ಒಂದು ತೊಂದರೆ ತೀರಲಿಲ್ಲ. ಕ್ಯಾಮೆರಾ ಎಷ್ಟೇ ಚುರುಕಾಗಿರಲಿ, ಮೋಡ ಅಡ್ಡ ಬಂದರೆ ಅದಕ್ಕೆ ಕಾಣುವುದು ಬರೀ ಮೋಡ. ಐಆರ್‌ಎಸ್-1ಎ ಒಂದೇ ಜಾಗಕ್ಕೆ ಮರಳಿ ಬರುತ್ತಿದ್ದದ್ದು 22 ದಿನಕ್ಕೊಮ್ಮೆ. ಬಂದ ದಿನ ಮೋಡವಿದ್ದರೆ ಮತ್ತೆ 22 ದಿನ ಕಾಯಬೇಕು.

ಹಿಂಗಾರಿನ ಬಿಳಿಜೋಳ, ಕಡಲೆಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಅವು ಬೆಳೆಯುವಾಗ ಆಕಾಶ ತಿಳಿಯಾಗಿರುತ್ತದೆ. ತೊಗರಿಯೂ ಪಾರು. ಜೂನ್, ಜುಲೈನಲ್ಲಿ ಬಿತ್ತಿದರೂ ಅದು ಹೂವಿಗೆ ಬರುವುದು ಮಳೆ ಇಳಿದ ಮೇಲೆ, ಕೊಯ್ಲು ಡಿಸೆಂಬರ್ ಹೊತ್ತಿಗೆ. ಕೆಟ್ಟದ್ದೆಂದರೆ ಹೆಸರುಕಾಳು, ಉದ್ದಿನ ಹಣೆಬರಹ. ಮಿರುಗ, ಆರಿದ್ರೆ ಮಳೆಗೆ ಬಿತ್ತಿ ಆಗಸ್ಟ್ ಕೊನೆಯ ಹೊತ್ತಿಗೆ ಬಿಡಿಸುವ ಬೆಳೆಗಳು ಇವು. ಬಿತ್ತನೆಯಿಂದ ರಾಶಿಯವರೆಗೆ ಅವುಗಳ ಬಾಳೆಲ್ಲ ಮೋಡದ ಅಡಿಯಲ್ಲೇ. ಕಾಯಿ ಕಪ್ಪಾದ ಹೊತ್ತಿಗೆ ಮಳೆ ಹಿಡಿದರೆ ಹೊಲದಲ್ಲೇ ಮೊಳಕೆ ಒಡೆಯುತ್ತವೆ. ಆ ನಷ್ಟವನ್ನು ಮೇಲಿಂದ ನೋಡಿ ಹೇಳಬಲ್ಲ ಕ್ಯಾಮೆರಾ ಇರಲೇ ಇಲ್ಲ.

ಮೋಡ ದಾಟಲು ರಾಡಾರ್ ಬೇಕು. ರಾಡಾರ್ ಸೂರ್ಯನ ಬೆಳಕಿಗೆ ಕಾಯುವುದಿಲ್ಲ. ತನ್ನದೇ ರೇಡಿಯೊ ಅಲೆ ಕಳಿಸಿ, ಅದು ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನು ಅಳೆಯುತ್ತದೆ. ನಿಂತ ನೀರಿಗೆ ಬಿದ್ದ ಅಲೆ ಬೇರೆ ದಿಕ್ಕಿಗೆ ಜಾರಿ ಹೋಗುವುದರಿಂದ ನೆರೆ ಬಂದ ಜಾಗ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. 2012ರ ಏಪ್ರಿಲ್ 26ರಂದು ಇಸ್ರೋ ತಾನೇ ಕಟ್ಟಿದ ರಾಡಾರ್ ಹೊತ್ತ ರಿಸ್ಯಾಟ್-1 ಉಪಗ್ರಹವನ್ನು ಹಾರಿಸಿತು. 2022ರ ಫೆಬ್ರುವರಿ 14ರಂದು ಅದರ ಉತ್ತರಾಧಿಕಾರಿಯಾಗಿ ಇಒಎಸ್-04 ಹೋಯಿತು. ಇವೆರಡರ ಅಲೆಯ ಉದ್ದ ಐದಾರು ಸೆಂಟಿಮೀಟರ್. ಬೆಳೆ ದಟ್ಟವಾಗಿದ್ದರೆ ಆ ಅಲೆ ಮೇಲಿನ ಎಲೆಗಳಿಗೇ ಬಡಿದು ಮರಳುತ್ತದೆ. ಗಿಡದ ಒಳಗೆ, ಮಣ್ಣಿನವರೆಗೆ ಇಳಿಯಲು ಇನ್ನೂ ಉದ್ದದ ಅಲೆ ಬೇಕಿತ್ತು.

ನಿಸಾರ್ ಹುಟ್ಟಿದ್ದು ಅಲ್ಲಿಂದ. ನಾಸಾ ಮತ್ತು ಇಸ್ರೋ 2014ರ ಸೆಪ್ಟೆಂಬರ್ 30ರಂದು ಒಪ್ಪಂದ ಮಾಡಿಕೊಂಡವು. ಸುಮಾರು 24 ಸೆಂ.ಮೀ. ಅಲೆಯ ಎಲ್-ಬ್ಯಾಂಡ್ ರಾಡಾರ್ ಅವರದು, ಸುಮಾರು 10 ಸೆಂ.ಮೀ. ಅಲೆಯ ಎಸ್-ಬ್ಯಾಂಡ್ ನಮ್ಮದು. ಎಸ್-ಬ್ಯಾಂಡ್ ಅಹಮದಾಬಾದಿನಲ್ಲಿ ತಯಾರಾಗಿ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಅಲ್ಲಿ ಎರಡನ್ನೂ ಜೋಡಿಸಿ 2023ರ ಮಾರ್ಚ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ತಂದರು.

ಅಲ್ಲಿಂದ ನಿಜವಾದ ಪರೀಕ್ಷೆ ಶುರು. ಉಪಗ್ರಹ ಒಮ್ಮೆ ಮೇಲೆ ಹೋದರೆ ಸ್ಪ್ಯಾನರ್ ಹಿಡಿದು ಹೋಗಿ ರಿಪೇರಿ ಮಾಡಲು ಆಗುವುದಿಲ್ಲ. ಹಾಗಾಗಿ ಅದು ಅನುಭವಿಸಲಿರುವ ಕಷ್ಟವನ್ನೆಲ್ಲ ಮೊದಲೇ ನೆಲದ ಮೇಲೆ ಕೊಡುತ್ತಾರೆ. ಗಾಳಿ ತೆಗೆದ ದೊಡ್ಡ ಕೋಣೆಯಲ್ಲಿಟ್ಟು ಸುಡು ಬಿಸಿಲಿಗೂ ಕೊರೆಯುವ ಚಳಿಗೂ ಒಡ್ಡುತ್ತಾರೆ. ನಿಸಾರ್‌ಗೆ ಈ ಪರೀಕ್ಷೆ 21 ದಿನ ನಡೆಯಿತು. ರಾಕೆಟ್ಟಿನ ಅದುರುವಿಕೆಯಂತೆ ಅಲುಗಾಡಿಸುತ್ತಾರೆ, ಕಿವಿ ಹರಿಯುವ ಸದ್ದಿಗೆ ಒಡ್ಡುತ್ತಾರೆ, ಸೌರ ಫಲಕ ಬಿಚ್ಚಿ ನೋಡುತ್ತಾರೆ.

2024ರಲ್ಲಿ ಒಂದು ತೊಡಕು ಕಾಣಿಸಿತು. ನಿಸಾರ್‌ನ ಆಂಟೆನಾ 12 ಮೀಟರ್ ಅಗಲದ ಬಲೆ. ಹಾರುವಾಗ ಅದು ಛತ್ರಿಯಂತೆ ಮಡಚಿಕೊಂಡಿರುತ್ತದೆ. ಮಡಚಿದ ಸ್ಥಿತಿಯಲ್ಲಿ ಅದು ಲೆಕ್ಕಕ್ಕಿಂತ ಜಾಸ್ತಿ ಬಿಸಿಯಾಗಬಹುದು ಎಂದು ತಿಳಿಯಿತು. ಅದನ್ನು ಉಪಗ್ರಹದಿಂದ ಕಳಚಿ ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಕಳಿಸಿದರು. ಬಿಸಿಲನ್ನು ಹಿಂದಕ್ಕೆ ಕಳಿಸುವ ಲೇಪ ಹಚ್ಚಿಸಿ ಅಕ್ಟೋಬರ್‌ನಲ್ಲಿ ಮತ್ತೆ ತಂದರು. ಉಡಾವಣೆ ಒಂದು ವರ್ಷಕ್ಕೂ ಜಾಸ್ತಿ ಮುಂದೆ ಹೋಯಿತು. ತಡ ಆಯಿತೆಂದು ಬೇಸರಪಟ್ಟವರಿದ್ದರು. ಆ ಬಲೆ ತೆರೆಯದೆ ಹೋಗಿದ್ದರೆ 2,392 ಕೆ.ಜಿ.ಯ ಉಪಗ್ರಹ ಮೇಲೆ ಸುಮ್ನೆ ಸುತ್ತುತ್ತಿತ್ತು, ಅಷ್ಟೇ. ತಡವಾದದ್ದೇ ಸರಿ ಎನ್ನುವವನು ನಾನು.

ಇಷ್ಟೆಲ್ಲ ಮಾಡಿದರೂ ಗೆಲುವಿಗೆ ಖಾತರಿಯಿಲ್ಲ. 2025ರ ಮೇ 18ರಂದು ಇಒಎಸ್-09 ಎಂಬ ರಾಡಾರ್ ಉಪಗ್ರಹ ರಾಕೆಟ್ಟಿನ ಮೂರನೇ ಹಂತದ ದೋಷದಿಂದ ಕೈತಪ್ಪಿತು. ಎಷ್ಟೋ ವರ್ಷಗಳ ಕೆಲಸ ಕೆಲವೇ ನಿಮಿಷಗಳಲ್ಲಿ ಹೋಯಿತು. ಇಒಎಸ್-04ಗೆ ಜೊತೆಯಾಗಿ ನಮ್ಮ ಮುಂಗಾರಿನ ಹೊಲಗಳನ್ನು ನೋಡಬೇಕಿದ್ದ ಕಣ್ಣು ಅದು. ಅದರ ನಷ್ಟ ಸಣ್ಣದಲ್ಲ.

ಇತ್ತ ನೆಲದ ಮೇಲೂ ಸಿದ್ಧತೆ ಸಾಗಬೇಕು. ಕೆಳಗಿನ ಕಕ್ಷೆಯ ಉಪಗ್ರಹ ಒಂದು ಆಂಟೆನಾಕ್ಕೆ ಒಂದು ಸುತ್ತಿನಲ್ಲಿ ಕಾಣುವುದೇ ಹತ್ತು, ಹದಿನೈದು ನಿಮಿಷ. ಅಷ್ಟರಲ್ಲಿ ಅದು ಹೊತ್ತು ತಂದದ್ದನ್ನು ಇಳಿಸಿಕೊಳ್ಳಬೇಕು. ನಿಸಾರ್ ದಿನಕ್ಕೆ ಕೊಡುವ ಮಾಹಿತಿ ಹಳೆಯ ಉಪಗ್ರಹಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಅದಕ್ಕಾಗಿ ಶಾದನಗರದಲ್ಲಿ ಹೊಸ ವ್ಯವಸ್ಥೆಯೇ ಬೇಕಾಯಿತು. ಇಳಿದು ಬಂದದ್ದು ಚಿತ್ರವೂ ಅಲ್ಲ, ಬರೀ ಮಾರ್ದನಿಗಳ ರಾಶಿ. ಅದನ್ನು ಲೆಕ್ಕ ಹಾಕಿ ಚಿತ್ರ ಮಾಡುವ ಸಾಫ್ಟ್‌ವೇರ್ ಉಡಾವಣೆಗೆ ಮೊದಲೇ ತಯಾರಿರಬೇಕು. ಆ ಚಿತ್ರ ಸರಿಯೋ ತಪ್ಪೋ ತಿಳಿಯಲು ಅಹಮದಾಬಾದ್ ಸುತ್ತಮುತ್ತ ಮತ್ತಿತರ ಕಡೆ ಲೋಹದ ಹಾಳೆಗಳನ್ನು ಮೂಲೆಯಾಕಾರದಲ್ಲಿ ಜೋಡಿಸಿ ನಿಲ್ಲಿಸಿದರು. ಅವು ಎಲ್ಲಿವೆ ಎಂಬುದು ಕರಾರುವಾಕ್ಕಾಗಿ ಗೊತ್ತಿರುತ್ತದೆ. ಚಿತ್ರದಲ್ಲಿ ಅವು ಅದೇ ಜಾಗದಲ್ಲಿ, ಬೇಕಾದಷ್ಟೇ ಹೊಳಪಾಗಿ ಕಂಡರೆ ರಾಡಾರ್ ಸರಿಯಿದೆ ಎಂದರ್ಥ. 2025ರ ಆಗಸ್ಟ್ 15ರಂದು ಬಲೆ ತೆರೆದ ಮೇಲೂ ತಿಂಗಳುಗಟ್ಟಲೆ ನಡೆದದ್ದು ಇಂಥ ಹೊಂದಾಣಿಕೆ ಕೆಲಸವೇ.

ಈಗ ಹೊಲದ ವಿಷಯಕ್ಕೆ ಬರೋಣ. 2016ರ ಕೇಂದ್ರದ ಬರ ಕೈಪಿಡಿ ಪ್ರಕಾರ ತಾಲೂಕಿಗೆ ಬರ ಘೋಷಿಸಲು ಮಳೆ ಕೊರತೆಯೊಂದೇ ಸಾಲದು. ಬಿತ್ತನೆ ಪ್ರದೇಶ, ಮಣ್ಣಿನ ತೇವ, ನೀರಿನ ಸ್ಥಿತಿಯ ಜೊತೆಗೆ ಉಪಗ್ರಹ ಹೇಳುವ ಹಸಿರಿನ ಅಳತೆಯೂ ಲೆಕ್ಕಕ್ಕೆ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. ಆಗ ಎಲ್ಲರ ಬಾಯಲ್ಲೂ ಇದ್ದದ್ದು ಹಸಿರು ಬರ. ಹೊಲ ಹಸಿರಾಗಿದೆ, ತೆನೆಯಲ್ಲಿ ಕಾಳಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಚೆನ್ನಾಗಿದೆ. ಉಪಗ್ರಹ ಸುಳ್ಳು ಹೇಳಿರಲಿಲ್ಲ, ಹಸಿರು ಇತ್ತು. ಕಾಳು ಕಟ್ಟಿದೆಯೇ ಎಂದು ಹೇಳಲು ಹೊಲಕ್ಕೆ ಇಳಿದವರೇ ಬೇಕಿತ್ತು.

ನಿಸಾರ್ 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಮರಳುತ್ತದೆ. ಏರುವ, ಇಳಿಯುವ ಎರಡೂ ದಾರಿ ಸೇರಿಸಿದರೆ ಆ 12 ದಿನದಲ್ಲಿ ಒಂದು ಹೊಲವನ್ನು ಎರಡು ಸಲ ನೋಡಬಹುದು. ಮಣ್ಣಿನ ತೇವ, ಬೆಳೆಯ ಏರಿಳಿತ ಮೋಡದ ಅಡಿಯಲ್ಲೂ ತಿಳಿಯುತ್ತದೆ. ನೆಲ ಕೆಲವು ಸೆಂಟಿಮೀಟರ್ ಸರಿದರೂ ಗೊತ್ತಾಗುತ್ತದೆ. ಭೂಮಿ ನಡುಗಿ ಜನ ಮನೆ ಹೊರಗೆ ಮಲಗುವಂತಾದ ಚಿಂಚೋಳಿಯ ಗಡಿಕೇಶ್ವರದಂಥ ಕಡೆ ಇದು ಅಧ್ಯಯನಕ್ಕೆ ಒದಗಬಹುದು. ಭೂಕಂಪವನ್ನು ಮೊದಲೇ ಹೇಳುತ್ತದೆ ಎಂದು ಮಾತ್ರ ಯಾರೂ ನಂಬಬೇಡಿ.

ಮಾಹಿತಿ ಎಲ್ಲರಿಗೂ ಉಚಿತ. ಕಲಬುರಗಿಯ ಕಾಲೇಜು ವಿದ್ಯಾರ್ಥಿಯೂ ಇಳಿಸಿಕೊಳ್ಳಬಹುದು. ಆದರೆ ರಾಡಾರ್ ಚಿತ್ರದ ಒಂದು ಚುಕ್ಕಿಯನ್ನು ಇದು ಉದ್ದು, ಇದು ಹೆಸರು, ಇದು ಮಳೆಗೆ ಕೊಳೆತ ಹೆಸರು ಎಂದು ಗುರುತಿಸಲು ಅದೇ ವಾರ ಅದೇ ಹೊಲದಲ್ಲಿ ನಿಂತು ಬರೆದುಕೊಂಡ ವಿವರ ಬೇಕು. ರಾಜ್ಯದಲ್ಲಿ ಆ್ಯಪ್ ಹಿಡಿದು ಸರ್ವೆ ನಂಬರಿನ ಲೆಕ್ಕದಲ್ಲಿ ಬೆಳೆ ಸಮೀಕ್ಷೆ ಈಗಾಗಲೇ ನಡೆಯುತ್ತಿದೆ. ಯಾವ ಬೆಳೆ ಎಂದಷ್ಟೇ ಅಲ್ಲ, ಬಿತ್ತಿದ ದಿನ, ಗಿಡದ ಎತ್ತರ, ನೀರು ನಿಂತ ದಿನಗಳು, ಕಾಯಿಯ ಸ್ಥಿತಿ ಇವನ್ನೂ ಕೆಲವು ಆಯ್ದ ಹೊಲಗಳಲ್ಲಿ ನಿಸಾರ್ ಹಾದು ಹೋಗುವ ದಿನಕ್ಕೆ ಹೊಂದಿಸಿ ಬರೆದಿಟ್ಟರೆ ಮುಂದಿನ ವರ್ಷಗಳ ಲೆಕ್ಕಕ್ಕೆ ತಳಪಾಯ ಸಿಗುತ್ತದೆ. ನಿಸಾರ್ ಪೂರ್ತಿಯಾಗಿ ನೋಡಲಿರುವ ಮೊದಲ ಮುಂಗಾರು 2026ರದು. ಹೆಸರು ಬೆಳೆಗೆ ಸಿಗುವ ಕಾಲ ಎಪ್ಪತ್ತು ದಿನದ ಆಸುಪಾಸು, ಅಂದರೆ 12 ದಿನದ ಆರೇ ಸುತ್ತು. ಕೃಷಿ ಇಲಾಖೆ, ಕೃಷಿ ವಿಜ್ಞಾನ ಕೇಂದ್ರ, ಕಾಲೇಜುಗಳು ಯಾವ ಹೊಲಗಳನ್ನು ನೋಡುವುದೆಂದು ಬಿತ್ತನೆಗೆ ಮೊದಲೇ ಕೂತು ಗೊತ್ತು ಮಾಡಿಕೊಳ್ಳಬೇಕು.