ಡೈವಿಂಗ್ ಟಾರ್ಚ್ ಕೊಳ್ಳುವಾಗ ಲ್ಯೂಮೆನ್ ಒಂದನ್ನೇ ನೋಡಬೇಡಿ

ಡೈವಿಂಗ್ ಕಲಿಯಲು ಬರುವವರು ಮೊದಲ ಟಾರ್ಚ್ ಕೊಳ್ಳುವ ಮುನ್ನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಸರ್, ಎಷ್ಟು ಲ್ಯೂಮೆನ್‌ದು ತಗೊಳ್ಳಲಿ?" ಆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತೆ ಅಂತ ನಾನು ತಿರುಗಿ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರ ತಪ್ಪಲ್ಲ ಬಿಡಿ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಲ್ಯೂಮೆನ್, ಬೀಮ್ ಕೋನ, ಅಂದರೆ ಬೆಳಕು ಎಷ್ಟು ಡಿಗ್ರಿ ಅಗಲಕ್ಕೆ ಹರಡುತ್ತೆ ಅನ್ನುವುದು, ಇರುವುದು ಹಿಂಬದಿಯ ಸಣ್ಣ ಅಕ್ಷರದಲ್ಲಿ. ಆದರೆ ನೀರೊಳಗೆ ನಿಮಗೆ ಏನು ಕಾಣುತ್ತೆ ಅನ್ನುವುದನ್ನು ತೀರ್ಮಾನಿಸುವುದು ಆ ಸಣ್ಣ ಅಕ್ಷರವೇ.

ಲ್ಯೂಮೆನ್ ಅಂದರೆ ಟಾರ್ಚ್‌ನಿಂದ ಹೊರಬರುವ ಒಟ್ಟು ಬೆಳಕು, ಅಷ್ಟೇ. ಅದು ಎಲ್ಲಿ ಬೀಳುತ್ತೆ ಅಂತ ಆ ಸಂಖ್ಯೆ ಹೇಳುವುದಿಲ್ಲ. ಒಂದು ಕೊಡ ನೀರನ್ನು ಗಿಡದ ಬುಡಕ್ಕೇ ಸುರಿಯಬಹುದು, ಅಂಗಳಕ್ಕೆಲ್ಲ ಚಿಮುಕಿಸಲೂಬಹುದು. ನೀರು ಅಷ್ಟೇ, ಅಲ್ವಾ?

ಲೆಕ್ಕ ಹಾಕಿ ನೋಡಿ. 10 ಡಿಗ್ರಿ ಬೀಮ್ 1 ಮೀಟರ್ ದೂರದಲ್ಲಿ ಸುಮಾರು 17 ಸೆಂಟಿಮೀಟರ್ ಅಗಲದ ವೃತ್ತ ಬೆಳಗುತ್ತದೆ. 100 ಡಿಗ್ರಿ ಬೀಮ್ ಅದೇ ದೂರದಲ್ಲಿ 2 ಮೀಟರ್‌ಗಿಂತ ಹೆಚ್ಚು ಅಗಲಕ್ಕೆ ಹರಡುತ್ತದೆ. ಎರಡೂ 1000 ಲ್ಯೂಮೆನ್ ಟಾರ್ಚ್‌ಗಳೇ. ಆದರೆ ಎರಡನೆಯದರ ಬೆಳಕು 180ಕ್ಕೂ ಹೆಚ್ಚು ಪಟ್ಟು ತೆಳುವಾಗಿರುತ್ತದೆ. ಅದನ್ನು ಸರಿದೂಗಿಸುವಷ್ಟು ಲ್ಯೂಮೆನ್ ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈವಿಂಗ್ ಟಾರ್ಚ್‌ನಲ್ಲಿ ಸಿಗುವುದಿಲ್ಲ.

ಅಗಲದ ಬೆಳಕಿಗೆ ಇನ್ನೊಂದು ತೊಂದರೆ ಇದೆ. ಒಮ್ಮೆ ರಾತ್ರಿ ಡೈವ್‌ಗೆ ಒಬ್ಬ ಹುಡುಗ ಅಗಲಕ್ಕೆ ಬೆಳಕು ಹರಡುವ ಹೊಸ ವಿಡಿಯೋ ಲೈಟ್ ತಂದಿದ್ದ. ಚುರುಕಿನ ಹುಡುಗ, ನೀರಿನಲ್ಲಿ ಒಳ್ಳೆಯ ಹಿಡಿತ ಇದ್ದವನು. ಅವತ್ತು ನೀರು ಸ್ವಲ್ಪ ಕಲಕಿತ್ತು. ಲೈಟ್ ಹಾಕಿದ ಕೂಡಲೇ ಎದುರಿಗೆ ತೇಲುತ್ತಿದ್ದ ಕಣಗಳೆಲ್ಲ ಹೊಳೆದು ಬರೀ ಬಿಳಿ ಕಂಡಿತು. ಬೆಳಕು ಸಾಲದು ಅಂದುಕೊಂಡು ಇನ್ನೂ ಜಾಸ್ತಿ ಮಾಡಿದ. ಬಿಳಿ ಇನ್ನೂ ದಟ್ಟವಾಯಿತು. ಪಕ್ಕದಲ್ಲೇ ಇದ್ದ ಅವನ ಡೈವ್ ಜೊತೆಗಾತಿಯ ಹತ್ತಿರ ಅದರ ಅರ್ಧದಷ್ಟೂ ಲ್ಯೂಮೆನ್ ಇಲ್ಲದ ಹಳೇ ಟಾರ್ಚ್ ಇತ್ತು, ಬೀಮ್ ಕಿರಿದು. ಅವಳು ಬಂಡೆಯ ಸಂದಿಯಲ್ಲಿ ಕೂತಿದ್ದ ಆಕ್ಟೋಪಸ್ ತೋರಿಸಲು ಅವನನ್ನು ಕರೆಯುತ್ತಲೇ ಇದ್ದಳು.

ಕರೆಯುವುದು ಅಂದೆನಲ್ಲ, ಅದಕ್ಕೂ ಕಿರಿದಾದ ಬೀಮ್ ಬೇಕು. ಮರಳಿನ ಮೇಲೆ ಬೆಳಕಿನ ಚುಕ್ಕೆಯನ್ನು ನಿಧಾನವಾಗಿ ಸುತ್ತಿಸಿದರೆ 'ಓಕೆ'. ಜೋರಾಗಿ ಎಡಕ್ಕೂ ಬಲಕ್ಕೂ ಬೀಸಿದರೆ 'ಇತ್ತ ನೋಡು, ತೊಂದರೆ ಇದೆ'. ಅಗಲದ ಲೈಟ್‌ನಲ್ಲಿ ಚುಕ್ಕೆಯೇ ಇರುವುದಿಲ್ಲ. ಸುತ್ತಿಸುವುದಾದರೂ ಏನನ್ನು?

ವಿಡಿಯೋ ಮಾಡುವವರಿಗೆ ಅಗಲದ ಬೆಳಕು ಬೇಕೇ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆಳಕ್ಕಿಳಿದಂತೆ ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹತ್ತಿರದಿಂದ, ಸಮವಾಗಿ ಬೆಳಕು ಬಿದ್ದರೆ ಆ ಬಣ್ಣ ಕ್ಯಾಮೆರಾಗೆ ಮತ್ತೆ ಸಿಗುತ್ತದೆ. ಆದರೆ ಅದು ಕ್ಯಾಮೆರಾದ ಲೈಟ್, ದಾರಿ ನೋಡುವ ಲೈಟ್ ಅಲ್ಲ. ಬರೀ ಡೈವ್ ಮಾಡುವವರಿಗೆ ನನ್ನ ಸಲಹೆ ಇಷ್ಟು: 8ರಿಂದ 12 ಡಿಗ್ರಿ ಬೀಮ್, 800ರಿಂದ 1000 ಲ್ಯೂಮೆನ್. ನೀವು ಇಳಿಯುವ ನೀರು ಎಂಥದ್ದು ಅನ್ನುವುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಅಲ್ಲಿಯೇ ಡೈವ್ ಮಾಡುವವರನ್ನು ಒಂದು ಮಾತು ಕೇಳಿ. ಹಾಗೆಯೇ, ಬರೆದಿರುವ ಕೋನ ಗಾಳಿಯಲ್ಲಿ ಅಳೆದದ್ದೋ ನೀರಿನಲ್ಲೋ ಅಂತಲೂ ವಿಚಾರಿಸಿ. ಚಪ್ಪಟೆ ಗಾಜಿನ ಟಾರ್ಚ್ ಗಾಳಿಯಲ್ಲಿ 120 ಡಿಗ್ರಿ ಇದ್ದರೆ ನೀರಿನಲ್ಲಿ ಸುಮಾರು 80ಕ್ಕೆ ಇಳಿಯುತ್ತದೆ.

ಪುಟ್ಟ ಟಾರ್ಚ್ ಮೇಲೆ "3000 ಲ್ಯೂಮೆನ್, 2 ಗಂಟೆ" ಅಂತ ಇದ್ದರೆ ಎರಡನ್ನೂ ಒಟ್ಟಿಗೆ ನಂಬಬೇಡಿ. ಇಂಥ ಟಾರ್ಚ್‌ಗಳಿಗೆ ಹಾಕುವ 18650 ಅನ್ನುವ ಅಳತೆಯ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಹೆಚ್ಚೆಂದರೆ 12 ವ್ಯಾಟ್-ಅವರ್ ಆಸುಪಾಸು, ಅಂದರೆ 12 ವ್ಯಾಟ್ ಒಂದು ಗಂಟೆ ಬರುವಷ್ಟು. ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಅಂತ ಹಿಡಿದರೂ, 3000 ಲ್ಯೂಮೆನ್ ಅರ್ಧ ಗಂಟೆಯೂ ಬರುವುದಿಲ್ಲ. ಹಾಗಾದರೆ 2 ಗಂಟೆ ಎಲ್ಲಿಂದ ಬಂತು? ಟಾರ್ಚ್‌ಗಳನ್ನು ಅಳೆಯಲು ಇರುವ ಅಮೆರಿಕದ ಎಎನ್‌ಎಸ್‌ಐ ಎಫ್‌ಎಲ್1 ಮಾನದಂಡದಲ್ಲಿ ಬೆಳಕು ಶುರುವಿನ 10 ಶೇಕಡಾಕ್ಕೆ ಇಳಿಯುವವರೆಗಿನ ಸಮಯವೆಲ್ಲ ಲೆಕ್ಕಕ್ಕೆ ಸೇರುತ್ತದೆ. ಅಂದರೆ ಕೊನೆಯಲ್ಲಿ ನಿಮ್ಮ ಕೈಯಲ್ಲಿರುವುದು 300 ಲ್ಯೂಮೆನ್.

ರಾತ್ರಿ ಇಳಿಯುವವರ ಹತ್ತಿರ ಎರಡನೇ ಟಾರ್ಚ್ ಇರಲೇಬೇಕು. ಇದರ ಬಗ್ಗೆ ಚರ್ಚೆ ಬೇಡ. ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಒಂದೇ ಒಂದು ಕೂದಲು ಕೂತರೂ ಸಾಕು, ಎಷ್ಟೇ ದುಬಾರಿ ಟಾರ್ಚ್ ಆದರೂ ಒಳಗೆ ನೀರು ನುಗ್ಗುತ್ತದೆ.

ಸ್ವಿಚ್ ಬಗ್ಗೆಯೂ ಯೋಚಿಸಿ. ಟಾರ್ಚ್‌ನ ಮುಂಭಾಗವನ್ನೇ ತಿರುಗಿಸಿ ಹಚ್ಚುವ, ಆರಿಸುವ ಮಾದರಿಗಳಲ್ಲಿ ಬೇರೆ ಗುಂಡಿ ಇಲ್ಲದ್ದರಿಂದ ಕೆಡುವ ಭಾಗ ಕಡಿಮೆ. ಆದರೆ ಆಳದಲ್ಲಿ ಆರಿಸಲು ಹೋಗಿ ಜಾಸ್ತಿ ತಿರುಗಿಸಿದರೆ ಸೀಲ್ ಬಿಟ್ಟುಕೊಳ್ಳಬಹುದು. ಹೊಸಬರಿಗೆ ಒತ್ತುವ ಅಥವಾ ಜಾರಿಸುವ ಸ್ವಿಚ್ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕೊಳ್ಳುವ ಮೊದಲು ಕೈಗವಸು ಹಾಕಿಕೊಂಡು ಒಂದೇ ಕೈಯಲ್ಲಿ ಹಚ್ಚಿ, ಆರಿಸಿ ನೋಡಿ. ಪೂರ್ತಿ ಬೆಳಕಿನಲ್ಲಿ ಮಾತ್ರ ತುಂಬಾ ಹೊತ್ತು ಇಡಬೇಡಿ. ಈ ಟಾರ್ಚ್‌ಗಳನ್ನು ತಣ್ಣಗಿಡುವುದು ಸುತ್ತಲಿನ ನೀರು, ಹೊರಗೆ ಬೇಗ ಬಿಸಿಯಾಗುತ್ತವೆ.